ಗೋದಾವರಿಯ ದಂಡೆಯಲ್ಲಿ ದ್ರಾಕ್ಷಿಯ ಲೆಕ್ಕ

ಛತ್ರಪತಿ ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ದಾರಿಯಲ್ಲಿ ಬಿಡಕಿನ್ ಸಿಗುತ್ತದೆ. ಹತ್ತಿ, ತೊಗರಿ ಬೆಳೆಯುತ್ತಿದ್ದ ಕಪ್ಪು ನೆಲ. ಈಗ ಅಲ್ಲಿ ಅಗಲವಾದ ರಸ್ತೆಗಳು, ಅಳತೆ ಹಾಕಿ ಗಡಿಕಲ್ಲು ನೆಟ್ಟ ನಿವೇಶನಗಳು. ದಿಲ್ಲಿ–ಮುಂಬೈ ಕೈಗಾರಿಕಾ ಕಾರಿಡಾರಿನ ‘ಆರಿಕ್’ ಯೋಜನೆಗೆ ಬಿಡಕಿನ್ ಸುತ್ತ ಸುಮಾರು 8 ಸಾವಿರ ಎಕರೆ ಹೋಗಿದೆ. 2024ರ ಜೂನ್‌ನಲ್ಲಿ ಬೆಂಗಳೂರಿನ ಏಥರ್ ಎನರ್ಜಿ, ಅದರ ಮರುತಿಂಗಳೇ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಇಲ್ಲಿ ಕಾರ್ಖಾನೆ ಕಟ್ಟುವುದಾಗಿ ಪ್ರಕಟಿಸಿದವು. ಅಲ್ಲಿಂದೀಚೆಗೆ ಈ ಕಡೆ ಕನ್ನಡ ಮಾತೂ ಕಿವಿಗೆ ಬೀಳತೊಡಗಿದೆ. ನಮ್ಮ ಕಾಕಾನ ಮಗ ಹಾಗೆ ಬಂದವರಲ್ಲಿ ಒಬ್ಬ. ಕಟ್ಟಡ ಗುತ್ತಿಗೆಯ ಕಂಪನಿಯೊಂದರಲ್ಲಿ ಎಂಜಿನಿಯರ್. ಮಗನ ಸಂಸಾರ ಹೇಗಿದೆ ನೋಡಿ ಬರೋಣವೆಂದು ಕಾಕಾ ಜನವರಿ ಕೊನೆಯಲ್ಲಿ ಹೊರಟರು, ನಾನೂ ಜೊತೆಯಾದೆ. ಕಾಕಾನದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ತೋಟ. ಅವರ ಹಣ್ಣು ಕೊಯ್ಲಿಗೆ ಇನ್ನೂ ತಿಂಗಳು ಬಾಕಿ ಇತ್ತು.

ಕಾರ್ಖಾನೆ ನೋಡಲು ಬಂದವರು ವೈನರಿ ನೋಡಲು ಹೊರಟದ್ದಕ್ಕೆ ಕಾಕಾನೇ ಕಾರಣ. ಅವರು ಕುಡಿಯುವವರಲ್ಲ. ಆದರೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದ್ರಾಕ್ಷಿ ಬೆಳೆದವರು ನಾಸಿಕ್ ನೋಡದೇ ಊರಿಗೆ ಮರಳುವುದು ಅವರಿಗೆ ಒಪ್ಪಿಗೆಯಾಗಲಿಲ್ಲ.

ಹೊರಡುವ ಮೊದಲು ಪೈಠಣಕ್ಕೆ ಹೋಗಿ ಏಕನಾಥರ ಸಮಾಧಿಗೆ ಕೈಮುಗಿದು, ಜಾಯಕವಾಡಿ ಅಣೆಕಟ್ಟಿನ ನೀರು ನೋಡಿ ಬಂದೆವು. ಪೈಠಣವೆಂದರೆ ಶಾತವಾಹನರ ಪ್ರತಿಷ್ಠಾನ. ಕ್ರಿಸ್ತಶಕ ಒಂದನೇ ಶತಮಾನದಲ್ಲಿ ಗ್ರೀಕ್ ವರ್ತಕನೊಬ್ಬ ಬರೆದಿಟ್ಟ ‘ಪೆರಿಪ್ಲಸ್’ ಎಂಬ ಕಡಲ ವ್ಯಾಪಾರದ ಕೈಪಿಡಿ ಈ ಊರನ್ನು ಹೆಸರಿಸುತ್ತದೆ: ಭರೂಚ್ ಬಂದರಿನಿಂದ ದಕ್ಷಿಣಕ್ಕೆ 20 ದಿನದ ಹಾದಿ, ಅಲ್ಲಿಂದ ಪೂರ್ವಕ್ಕೆ ಇನ್ನೂ 10 ದಿನ ನಡೆದರೆ ತಗರ, ಅಂದರೆ ಇಂದಿನ ತೇರ್. ಅದೇ ಪುಸ್ತಕದಲ್ಲಿ ಭರೂಚ್‌ಗೆ ಇಳಿಯುತ್ತಿದ್ದ ಸರಕುಗಳ ಪಟ್ಟಿಯೂ ಇದೆ. ಅದರಲ್ಲಿ ವೈನ್ ಇದೆ. ಇಟಲಿಯದಕ್ಕೆ ಹೆಚ್ಚು ಬೇಡಿಕೆ, ಅರಬ್ ದೇಶದ್ದೂ ಬರುತ್ತಿತ್ತು ಎಂಬ ವಿವರವೂ ಇದೆ. ಇಲ್ಲಿಂದ ದೂರವಲ್ಲದ ನೇವಾಸದ ಉತ್ಖನನದಲ್ಲಿ ಪಶ್ಚಿಮದಿಂದ ಬಂದ ಆಂಫೊರಾ ಹೂಜಿಗಳ ಚೂರುಗಳು ಸಿಕ್ಕಿವೆ. ಹಾಗಾಗಿ ಬಿಡಕಿನ್‌ನ ಈ ಬಯಲಲ್ಲಿ ಎರಡು ಸಾವಿರ ವರ್ಷದ ಹಿಂದೆ ಎತ್ತಿನ ಗಾಡಿಗಳು ವೈನ್ ಹೂಜಿ ಹೊತ್ತು ಸಾಗಿರಬೇಕು ಎಂದು ನಾನು ನಂಬುತ್ತೇನೆ. ಆಗ ಅದು ದೂರದೇಶದಿಂದ ಬರುತ್ತಿದ್ದ ದುಬಾರಿ ಸರಕು. ಈಗ ಅದೇ ಗೋದಾವರಿಯ ಮೇಲ್ದಂಡೆಯಲ್ಲಿ ರೈತರ ಹೊಲದ ಹಣ್ಣಿನಿಂದಲೇ ತಯಾರಾಗುತ್ತಿದೆ.

ನಾಸಿಕ್‌ಗೆ ಸಮೃದ್ಧಿ ಮಹಾಮಾರ್ಗ ಹಿಡಿದರೆ ಬೇಗ ತಲುಪಬಹುದು. ಕಾಕಾ ಹಳೆಯ ದಾರಿಯೇ ಬೇಕೆಂದರು, ಹೊಲ ನೋಡಬೇಕಲ್ಲ. ವೈಜಾಪುರ, ಪೈಠಣಿ ಸೀರೆ ನೇಯುವ ಯೇವಲಾ, ಆಮೇಲೆ ವಿಂಚೂರ್. ಉಳ್ಳಾಗಡ್ಡಿ ಪೇಟೆ ಲಾಸಲ್‌ಗಾಂವ್ ಇಲ್ಲಿಂದ ಹತ್ತಿರ. ಉಳ್ಳಾಗಡ್ಡಿ ತುಂಬಿದ ಟ್ರ್ಯಾಕ್ಟರುಗಳು ರಸ್ತೆ ತುಂಬ. ವಿಂಚೂರ್‌ನಲ್ಲಿ ಸರ್ಕಾರ ಮಾಡಿದ ವೈನ್ ಪಾರ್ಕ್ ಇದೆ. ಮಹಾರಾಷ್ಟ್ರ 2001ರಲ್ಲಿ ದ್ರಾಕ್ಷಿ ಸಂಸ್ಕರಣಾ ನೀತಿ ತಂದು, ರಾಜ್ಯದೊಳಗೆ ತಯಾರಾಗುವ ವೈನ್‌ಗೆ ಅಬಕಾರಿ ಸುಂಕದ ರಿಯಾಯಿತಿ ಕೊಟ್ಟಿತು. ಇಲ್ಲೊಂದು, ಸಾಂಗ್ಲಿ ಜಿಲ್ಲೆಯ ಪಲೂಸ್‌ನಲ್ಲೊಂದು ಪಾರ್ಕ್ ಮಾಡಿತು. ಹತ್ತಾರು ಮಂದಿ, ಹೆಚ್ಚಿನವರು ರೈತ ಮನೆತನದವರು, ಸಾಲ ತೆಗೆದು ಉಕ್ಕಿನ ಟ್ಯಾಂಕ್ ನಿಲ್ಲಿಸಿದರು. 2008ರ ಕೊನೆಯಲ್ಲಿ ಏಟು ಬಿತ್ತು. ಜಗತ್ತಿನ ಮಾರುಕಟ್ಟೆ ಕುಸಿಯಿತು, ನವೆಂಬರಿನಲ್ಲಿ ಮುಂಬೈ ದಾಳಿಯಾಗಿ ಹೋಟೆಲುಗಳು ಬಣಗುಟ್ಟಿದವು, ಹಿಂದಿನ ಸುಗ್ಗಿಯ ವೈನ್ ಟ್ಯಾಂಕಿನಲ್ಲೇ ನಿಂತಿತು. ಹೊಸ ಸುಗ್ಗಿಯ ಹಣ್ಣು ಕೊಳ್ಳುವವರಿಲ್ಲದೆ ರೈತರು ವೈನ್ ದ್ರಾಕ್ಷಿಯ ಬಳ್ಳಿ ಕಿತ್ತು ಮತ್ತೆ ಟೇಬಲ್ ದ್ರಾಕ್ಷಿ ಹಚ್ಚಿದರು. 1980ರ ದಶಕದಲ್ಲೇ ಪುಣೆ ಜಿಲ್ಲೆಯ ನಾರಾಯಣಗಾಂವ್‌ನಿಂದ ನೊರೆವೈನ್ ರಫ್ತು ಮಾಡಿ ಹೆಸರಾಗಿದ್ದ ಇಂಡೇಜ್ ಕಂಪನಿಯೂ ಈ ಹೊಡೆತದಿಂದ ಚೇತರಿಸಿಕೊಳ್ಳಲಿಲ್ಲ.

ಆ ಕಾಲವನ್ನು ದಾಟಿ ಉಳಿದ ಸಣ್ಣ ವೈನರಿಗಳು ಹೇಗೆ ಉಳಿದವು? ಅದನ್ನು ತಿಳಿಯಲು ಗಂಗಾಪುರ ಅಣೆಕಟ್ಟಿನ ಕಡೆಗೆ ಹೋಗಬೇಕು.

ನಾಸಿಕ್ ಪೇಟೆ ದಾಟಿ ಪಶ್ಚಿಮಕ್ಕೆ ಹೊರಟರೆ ಗೋದಾವರಿಗೆ ಕಟ್ಟಿದ ಈ ಅಣೆಯ ಹಿನ್ನೀರು ಸಿಗುತ್ತದೆ. ಕ್ಯಾಲಿಫೋರ್ನಿಯಾದ ಒರಾಕಲ್ ಕಂಪನಿಯ ಕೆಲಸ ಬಿಟ್ಟು ಬಂದ ರಾಜೀವ್ ಸಾಮಂತ್, ತಮ್ಮ ಮನೆತನದ ಜಮೀನಿನಲ್ಲಿ 1997ರ ಸುಮಾರಿಗೆ ಸೊವಿನ್ಯೋಂ ಬ್ಲಾಂ, ಶೆನಿನ್ ಬ್ಲಾಂ ಬಳ್ಳಿ ಹಚ್ಚಿದ್ದು ಈ ಕಡೆಯೇ. ತಾಯಿ ಸುಲಭಾ ಅವರ ಹೆಸರಿನಿಂದ ‘ಸುಲಾ’ ಎಂದು ಕರೆದರು. 2000ದಲ್ಲಿ ಮೊದಲ ವೈನ್ ಬಂತು, 2005ರಲ್ಲಿ ಟೇಸ್ಟಿಂಗ್ ರೂಮ್ ತೆರೆಯಿತು. ಇಂದು ಅದು ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿ. ಶನಿವಾರ–ಭಾನುವಾರ ಮುಂಬೈ ಕಾರುಗಳ ಜಾತ್ರೆ. ನಾವು ಅದನ್ನು ದಾಟಿ ಮುಂದೆ ಹೋಗಿ ಯಾರ್ಕ್ ವೈನರಿಯ ಗೇಟಿಗೆ ಇಳಿದೆವು.

ಯಾರ್ಕ್ ಎಂದೊಡನೆ ಇಂಗ್ಲೆಂಡಿನ ಊರು ನೆನಪಾಗುವುದು ಸಹಜ. ಆದರೆ ಇದು ಗುರ್ನಾನಿ ಮನೆತನದ ಮೂವರು ಮಕ್ಕಳ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು. ಆ ಮಕ್ಕಳಲ್ಲಿ ಕೈಲಾಶ್ ಗುರ್ನಾನಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ವೈನ್ ವಿದ್ಯೆ ಕಲಿತು ಬಂದು ಇಲ್ಲಿನ ವೈನ್ ತಯಾರಕರಾದರು, ಅಣ್ಣ ವ್ಯವಹಾರ ನೋಡಿಕೊಂಡರು. ಮೊದಲ ಸುಗ್ಗಿ 2008ರದು. ಏಟು ಬಿದ್ದ ಅದೇ ವರ್ಷ. ಹುಟ್ಟುತ್ತಲೇ ಬಿರುಗಾಳಿಗೆ ಸಿಕ್ಕೂ ಇದು ನಿಂತದ್ದು ಹಿನ್ನೀರಿಗೆ ಮುಖ ಮಾಡಿದ ತನ್ನ ಟೇಸ್ಟಿಂಗ್ ರೂಮಿನ ಬಲದಿಂದ ಎಂಬುದು ನನ್ನ ಎಣಿಕೆ. 2021ರಲ್ಲಿ ಸುಲಾ ಇದನ್ನು ಕೊಂಡುಕೊಂಡಿತು. ಮನೆಯವರ ವೈನರಿ ದೊಡ್ಡವರ ಕೈ ಸೇರಿತಲ್ಲ ಎಂದು ನನಗೆ ಬೇಸರವಿದೆ. ಆದರೂ ಕಟ್ಟಡ, ತೋಟ, ಗಾತ್ರ ಎಲ್ಲ ಒಂದು ಸಂಸಾರ ನಿಭಾಯಿಸಬಹುದಾದ ಅಳತೆಯಲ್ಲೇ ಉಳಿದಿದೆ. ಒಂದು ಸುತ್ತು ಹಾಕಿದರೆ ದ್ರಾಕ್ಷಿ ಬಾಟಲಿಗೆ ಸೇರುವ ಅಷ್ಟೂ ಕೆಲಸ ಕಣ್ಣಿಗೆ ಬೀಳುತ್ತದೆ.

ಕಾಕಾ ಒಳಗೆ ಹೋಗಲೊಲ್ಲರು. ಮೊದಲು ತೋಟ. ನಮ್ಮ ಕಡೆ ದ್ರಾಕ್ಷಿಯೆಂದರೆ ತಲೆಯ ಮೇಲೆ ಹಬ್ಬಿದ ಚಪ್ಪರ, ಕೆಳಗೆ ಜೋತಾಡುವ ಗೊಂಚಲು. ಇಲ್ಲಿ ಬಳ್ಳಿಗಳನ್ನು ತಂತಿಗೆ ನೆಟ್ಟಗೆ ಏರಿಸಿ ಬೇಲಿಯಂತೆ ಸಾಲು ಮಾಡಿದ್ದಾರೆ. ಗೊಂಚಲು ಮೊಣಕಾಲಿನಿಂದ ಸೊಂಟದೆತ್ತರದಲ್ಲಿ. ಬಿಸಿಲು, ಗಾಳಿ ಹಣ್ಣಿಗೆ ನೇರ ತಾಗಲಿ ಎಂದು. ಕಾಕಾ ಕುಕ್ಕರಗಾಲಲ್ಲಿ ಕೂತು ಶಿರಾಜ್ ಗೊಂಚಲೊಂದನ್ನು ಅಂಗೈಯಲ್ಲಿ ಹಿಡಿದರು. ಕಪ್ಪು ಬಣ್ಣ ತಿರುಗಿದ್ದರೂ ಪೂರ್ತಿ ಮಾಗಿರಲಿಲ್ಲ. ಕಾಯಿ ಬಟಾಣಿ ಗಾತ್ರ, ದಪ್ಪ ಸಿಪ್ಪೆ, ಒಳಗೆ ಬೀಜ.

“ಇಷ್ಟ ಸಣ್ಣ ಕಾಯಿ ಪ್ಯಾಟಿಗೆ ಒಯ್ದರ ಯಾರೂ ಮೂಸಿ ಸೈತ ನೋಡಂಗಿಲ್ಲ ತಮ್ಮಾ,” ಎಂದರು.

ಜೊತೆಗೆ ಬಂದ ವೈನರಿಯ ಹುಡುಗ, ದಿಂಡೋರಿ ಕಡೆಯ ರೈತನ ಮಗ, ಮರಾಠಿಯಲ್ಲಿ ವಿವರಿಸಿದ. ಬಣ್ಣ, ಪರಿಮಳ, ಒಗರು ಇರುವುದು ಸಿಪ್ಪೆಯಲ್ಲಿ. ಕಾಯಿ ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ಅದಕ್ಕೇ ಇಲ್ಲಿ ಕಾಯಿ ದಪ್ಪ ಮಾಡುವ ಔಷಧಿ ಹೊಡೆಯುವುದಿಲ್ಲ, ಬಳ್ಳಿಗೆ ಹೊರೆಯಾಗುವಷ್ಟು ಗೊಂಚಲು ಬಿಟ್ಟರೆ ಕೆಲವನ್ನು ಕಾಯಿ ಇರುವಾಗಲೇ ಕತ್ತರಿಸಿ ನೆಲಕ್ಕೆ ಹಾಕುತ್ತಾರೆ. ಟೇಬಲ್ ದ್ರಾಕ್ಷಿ ಎಕರೆಗೆ 10 ಟನ್ ಬರುವ ಜಾಗದಲ್ಲಿ ಒಳ್ಳೆಯ ವೈನ್ ದ್ರಾಕ್ಷಿ ಅರ್ಧಕ್ಕಿಂತ ಕಡಿಮೆ ಸಿಕ್ಕರೂ ಸಾಕೆನ್ನುತ್ತಾರೆ. ಕಾಯಿ ಕತ್ತರಿಸಿ ಹಾಕುವ ಮಾತು ಕೇಳಿ ಕಾಕಾ ಕೆಲಹೊತ್ತು ಸುಮ್ಮನಾದರು.

ಆದರೆ ಚಾಟ್ನಿಯ, ಅಂದರೆ ಬಳ್ಳಿ ಸವರುವ ಮಾತು ಬಂದಾಗ ಇಬ್ಬರ ಭಾಷೆಯೂ ಒಂದೇ ಆಯಿತು. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ. ಯುರೋಪಿನಲ್ಲಿ ಚಳಿಗಾಲ ಬಳ್ಳಿಯನ್ನು ಮಲಗಿಸುತ್ತದೆ, ವರ್ಷಕ್ಕೊಮ್ಮೆ ಸವರಿದರೆ ಸಾಕು, ಸೆಪ್ಟೆಂಬರ್ ಸುಮಾರಿಗೆ ಸುಗ್ಗಿ. ದಖ್ಖನ್ನಿನಲ್ಲಿ ಬಳ್ಳಿ ಮಲಗುವುದೇ ಇಲ್ಲ. ಬೇಸಿಗೆಯಲ್ಲಿ ಒಮ್ಮೆ ಸವರಿ ಕಡ್ಡಿ ಬೆಳೆಸುತ್ತಾರೆ. ಮಳೆ ಮುಗಿದ ಮೇಲೆ ಮತ್ತೆ ಸವರಿ ಹೂ ಬಿಡಿಸುತ್ತಾರೆ. ಸುಗ್ಗಿ ಜನವರಿಯಿಂದ ಮಾರ್ಚ್. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ನಾಸಿಕ್‌ನಲ್ಲಿ ಆ ತಿಂಗಳುಗಳ ಹಗಲು ಬಿಸಿ, ರಾತ್ರಿ ಚಳಿ. ಹಗಲು ಸಕ್ಕರೆ ಕೂಡುತ್ತದೆ, ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ. ‘ನಾಸಿಕ್ ವ್ಯಾಲಿ ವೈನ್’ಗೆ ಭೌಗೋಳಿಕ ಸೂಚಿಕೆ ಸಿಕ್ಕಿರುವುದರ ಹಿಂದೆ ಈ ಹವೆಯೂ ಇದೆ.

ಕಾಕಾ ಅಂಗಿ ಜೇಬಿನಿಂದ ಬ್ರಿಕ್ಸ್ ಮೀಟರ್ ತೆಗೆದರು. ಒಂದು ಗೇಣಿನ ಕೊಳವೆ, ತುದಿಯಲ್ಲಿ ಗಾಜು. ಸುಗ್ಗಿ ಹತ್ತಿರ ಬಂದಾಗ ಅದಿಲ್ಲದೆ ಅವರು ಮನೆ ಬಿಡುವುದಿಲ್ಲ. ಕೇಳಿಕೊಂಡು ಒಂದು ಕಾಯಿ ಕಿತ್ತು, ಗಾಜಿನ ಮೇಲೆ ಒಂದು ಹನಿ ಹಿಂಡಿ, ಮುಚ್ಚಳ ಒತ್ತಿ ಬೆಳಕಿಗೆ ಹಿಡಿದು ನೋಡಿದರು. ಸಿಪ್ಪೆ ಕಪ್ಪಾಗಿದ್ದರೂ ರಸ ನೀರಿನಷ್ಟು ತಿಳಿ. “ಹತ್ತೊಂಬತ್ತು. ಇನ್ನಾ ಎರಡ ವಾರ ಬೇಕು,” ಎಂದರು. ಹುಡುಗ ತಲೆಯಾಡಿಸಿದ. ಕಾಕಾ ಮಾಡುವ ಮಣೂಕಕ್ಕೂ (ಒಣದ್ರಾಕ್ಷಿ) ಇವರ ವೈನ್‌ಗೂ ಇಬ್ಬರೂ ಕಾಯುವುದು ಹೆಚ್ಚುಕಡಿಮೆ ಅದೇ 22ರ ಗೆರೆಗೆ.

ಒಳಗೆ ಬಿಳಿ ದ್ರಾಕ್ಷಿಯ ಕೆಲಸ ನಡೆದಿತ್ತು. ತಂಪು ಹೊತ್ತಿನಲ್ಲಿ ಕೊಯ್ದು ಕ್ರೇಟುಗಳಲ್ಲಿ ತಂದ ಹಣ್ಣು. ಕೊಳೆತದ್ದನ್ನು ಕೈಯಿಂದ ಆರಿಸಿ, ಯಂತ್ರ ತೊಟ್ಟು ಬಿಡಿಸಿ, ಪ್ರೆಸ್ ಮೆಲ್ಲಗೆ ಹಿಂಡುತ್ತದೆ. ಬಿಳಿ ವೈನ್‌ಗೆ ರಸ ಮಾತ್ರ ಸಾಕು, ಸಿಪ್ಪೆ ಬೇಡ. ಕೆಂಪಿಗೆ ಸಿಪ್ಪೆ, ಬೀಜ ಎಲ್ಲದರ ಜೊತೆಗೇ ಹುದುಗು ಬರಬೇಕು. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ, ಅನಿಲ ಬಿಡುತ್ತದೆ, ಶಾಖ ಬಿಡುತ್ತದೆ. ಲೀಟರು ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1 ಆಲ್ಕೋಹಾಲ್. ಹೀಗೆ ಲೆಕ್ಕ ಹಾಕಿದರೆ 22 ಬ್ರಿಕ್ಸ್ ಹಣ್ಣಿನಿಂದ 12–13ರ ವೈನ್. ಶಾಖ ಏರಿದರೆ ಪರಿಮಳ ಹಾರಿಹೋಗುತ್ತದೆ. ಅದಕ್ಕೇ ಟ್ಯಾಂಕಿನ ಸುತ್ತ ಇನ್ನೊಂದು ಪದರ, ಅದರೊಳಗೆ ತಣ್ಣನೆಯ ದ್ರವ ಹರಿಯುತ್ತಲೇ ಇರಬೇಕು. ಬಿಳಿ ವೈನ್ 12ರಿಂದ 16 ಡಿಗ್ರಿಯಲ್ಲಿ ಎರಡು ಮೂರು ವಾರ ಹುದುಗುತ್ತದೆ. ಈ ತಂಪಿಗೆ ಬೇಕಾದ ಕರೆಂಟು, ಕರೆಂಟು ಹೋದಾಗಿನ ಜನರೇಟರ್, ಇವೇ ಸಣ್ಣ ವೈನರಿಯ ಬೆನ್ನು ಮುರಿಯುವ ಖರ್ಚು. ಪಕ್ಕದ ಕೋಣೆಯಲ್ಲಿ 225 ಲೀಟರಿನ ಓಕ್ ಪೀಪಾಯಿಗಳು. ಕೆಂಪು ವೈನ್ ಅಲ್ಲಿ ತಿಂಗಳುಗಟ್ಟಲೆ ಕೂತು ಒಗರಿನ ಗಡಸು ಕಳೆದುಕೊಳ್ಳುತ್ತದೆ. ಅಷ್ಟು ದಿನ ಹಾಕಿದ ದುಡ್ಡೂ ಅಲ್ಲೇ ಕೂತಿರುತ್ತದೆ.

ಮಹಡಿಯ ಟೇಸ್ಟಿಂಗ್ ರೂಮಿಗೆ ಬಂದೆವು. ಎದುರಿಗೆ ಹಿನ್ನೀರು, ಅದರಾಚೆ ಬೆಟ್ಟ. ಒಂದೊಂದು ಗ್ಲಾಸಿಗೆ ಒಂದು ಗುಟುಕು ಎರಡು ಗುಟುಕಿನಷ್ಟೇ ಸುರಿದರು. ಹಗುರಾದದ್ದು ಮೊದಲು, ಗಡುಸಾದದ್ದು ಆಮೇಲೆ, ಸಿಹಿ ಕೊನೆಗೆ. ಜೊತೆಗಿದ್ದ ಕಾಕಾನ ಮಗನಿಗೆ ಕಾರು ಓಡಿಸುವುದಿತ್ತು. ಅವನು ಗ್ಲಾಸು ಮುಟ್ಟಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಬಿಯರಿಗಿಂತ ಎರಡು ಪಟ್ಟು ಆಲ್ಕೋಹಾಲ್ ಇರುವ ಪಾನೀಯವನ್ನು ಹಣ್ಣಿನ ರಸವೆಂದು ಯಾರೂ ಭ್ರಮಿಸಬಾರದು. ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಅದನ್ನು ಬಳಸಲು ನಾಚಬೇಕಿಲ್ಲ. ವೈನ್ ಮಾಡುವವರೇ ದಿನವಿಡೀ ಹಾಗೆ ಮಾಡುತ್ತಾರೆ.

ನಾನು ಗುಟುಕರಿಸಿದೆ, ಕಾಕಾ ಮೂಗಿಗೆ ಹಿಡಿದು ನೋಡಿದರು. ಮೂಸುವುದರಲ್ಲಿ ಅವರನ್ನು ಮೀರಿಸುವವರು ಆ ಕೋಣೆಯಲ್ಲಿ ಇರಲಿಲ್ಲ. ಗ್ಲಾಸನ್ನು ಒಮ್ಮೆ ತಿರುಗಿಸಿ ಸೊವಿನ್ಯೋಂ ಬ್ಲಾಂ ಮೂಸಿ, “ಹಸೀ ಡೊಣಮೆಣಸಿನಕಾಯಿ ಮುರದಂಗ ಅದ,” ಎಂದರು. ಬಡಿಸುತ್ತಿದ್ದ ಹೆಣ್ಣುಮಗಳಿಗೆ ನಾನು ಹಿಂದಿಯಲ್ಲಿ ಹೇಳಿದಾಗ ಆಕೆ ಬೆರಗಾದಳು. ಆ ದ್ರಾಕ್ಷಿಯಲ್ಲಿ ಮತ್ತು ಡೊಣಮೆಣಸಿನಕಾಯಿಯಲ್ಲಿ ಆ ವಾಸನೆ ಕೊಡುವ ರಾಸಾಯನಿಕ ಒಂದೇ. ಶೆನಿನ್‌ನಲ್ಲಿ ಕಾಕಾ ಮಾಗಿದ ಪೇರಲ ಹಣ್ಣು ಗುರುತಿಸಿದರು. ಶಿರಾಜ್ ಬಂದಾಗ ಕರಿಮೆಣಸು ಎಂದರು, ಸ್ವಲ್ಪ ತಡೆದು ನೇರಳೆ ಹಣ್ಣು ಎಂದರು. ಎರಡೂ ಸರಿ. ನನಗೆ ಹಿಡಿಸಿದ್ದು ಇಲ್ಲಿನ ‘ಆರೋಸ್’, ಶಿರಾಜ್ ಮತ್ತು ಕ್ಯಾಬರ್ನೆ ಬೆರೆಸಿ ಪೀಪಾಯಿಯಲ್ಲಿ ಪಕ್ವಗೊಳಿಸಿದ್ದು. ಬಾಯಲ್ಲಿ ಮೊದಲು ಒಗರು, ನುಂಗಿದ ಮೇಲೆ ಬಹಳ ಹೊತ್ತು ನಿಲ್ಲುವ ರುಚಿ.

ಟೇಸ್ಟಿಂಗ್ ರೂಮ್ ಎಂದರೆ ಶ್ರೀಮಂತರ ಮೋಜು ಎಂಬ ಮಾತಿದೆ. ನಾನು ಒಪ್ಪುವುದಿಲ್ಲ. ಸಣ್ಣ ತಯಾರಕನಿಗೆ ಅಲ್ಲಿನ ಮೇಜೇ ಅಂಗಡಿ. ಅವನ ಬಾಟಲಿ ಬೆಂಗಳೂರಿನ ಕಪಾಟಿಗೆ ಬರಬೇಕಾದರೆ ಕರ್ನಾಟಕದಲ್ಲಿ ಪ್ರತಿ ಲೇಬಲ್ಲಿಗೂ ಬೇರೆ ನೋಂದಣಿ, ಶುಲ್ಕ, ಸುಂಕ, ವಿತರಕನ ಪಾಲು, ಅಂಗಡಿಯವನ ಪಾಲು. ವರ್ಷಕ್ಕೆ ಕೆಲವೇ ಸಾವಿರ ಪೆಟ್ಟಿಗೆ ಮಾಡುವವನಿಗೆ ಅದು ಗಿಟ್ಟುವ ಬಾಬತ್ತಲ್ಲ. ತನ್ನ ತೋಟದ ಬಾಗಿಲಲ್ಲೇ ಮಾರಿದರೆ ಆ ಪಾಲುಗಳಲ್ಲಿ ಹೆಚ್ಚಿನದು ಕೈಯಲ್ಲಿ ಉಳಿಯುತ್ತದೆ, ಕೊಂಡವನ ಮುಖವೂ ಕಾಣುತ್ತದೆ. ಇಗತಪುರಿ ಕಡೆ ಮುಕಣೆ ಹಿನ್ನೀರಿನ ಪಕ್ಕ ಶೈಲೇಂದ್ರ ಪೈ ಕಟ್ಟಿದ ‘ವಲೊನೆ’ ಹೀಗೇ ಬಾಳುತ್ತಿದೆ: ಸಣ್ಣ ತೋಟ, ಊಟದ ಮನೆ, ನಾಲ್ಕಾರು ಕೋಣೆ. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸಂಪುಟ ಸೂಪರ್‌ಮಾರ್ಕೆಟ್‌ಗಳಲ್ಲಿ ವೈನ್ ಮಾರಲು ಒಪ್ಪಿದಾಗ ಅಣ್ಣಾ ಹಜಾರೆ ಸೇರಿ ಹಲವರು ವಿರೋಧಿಸಿದರು, ಅದು ಜಾರಿಯಾಗಲಿಲ್ಲ. ಹಾಗಾಗಿ ತೋಟದ ಬಾಗಿಲೇ ಇನ್ನೂ ಸಣ್ಣವರ ದಾರಿ.

ಕಾಕಾನ ಲೆಕ್ಕ ಬೇರೆ ದಿಕ್ಕಿನಲ್ಲಿ ನಡೆದಿತ್ತು. ಅವರ ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ ಮಣೂಕ. ಹಣ್ಣನ್ನು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಯ ಮೇಲೆ ಹರವಿ, ಎರಡು ವಾರ ಆಕಾಶ ನೋಡುತ್ತ ಕೂರಬೇಕು. ಅಕಾಲದ ಒಂದು ಮಳೆ ಬಣ್ಣ ಕೆಡಿಸಿದರೆ ಧಾರಣಿ ಅರ್ಧ. ಆಮೇಲೆ ತಾಸಗಾಂವ್, ಸಾಂಗ್ಲಿ ಪೇಟೆಯಲ್ಲಿ ದಲ್ಲಾಳಿ ಹೇಳಿದ ದರ. ಇಲ್ಲಿ ಕಿಲೋಗಿಂತ ತುಸು ಹೆಚ್ಚು ಹಣ್ಣಿಗೆ ಒಂದು ಬಾಟಲಿ. ಬಳ್ಳಿ ಹಚ್ಚುವ ಮೊದಲೇ ಕಂಪನಿಯೊಡನೆ ಹಲವು ವರ್ಷದ ಕರಾರು ಮಾಡಿಕೊಂಡ ರೈತರು ಸುತ್ತಲಿದ್ದಾರೆ. ಆ ಕರಾರಿನ ಮಾತೇ ಕಾಕಾನ ಮನಸ್ಸಿಗೆ ನಾಟಿದ್ದು.

ಕರ್ನಾಟಕದಲ್ಲಿ ಇದು ಹೊಸತೇನಲ್ಲ. ಕನ್ವಲ್ ಗ್ರೋವರ್ ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ 1988ರಲ್ಲೇ ತೋಟ ಶುರು ಮಾಡಿದರು. ಫ್ರಾನ್ಸಿನ ಹೆಸರಾಂತ ಮಿಶೆಲ್ ರೋಲಾಂ ಅಲ್ಲಿಗೆ ಸಲಹೆಗಾರರಾಗಿ ಬಂದರು. ಮೈಸೂರು ರಸ್ತೆಯ ಚನ್ನಪಟ್ಟಣದ ಬಳಿ ಹೆರಿಟೇಜ್ ವೈನರಿ ಇದೆ, ಹಂಪಿ ಬೆಟ್ಟಗಳ ಸೀಮೆಯಲ್ಲಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಯ ‘ಕೃಷ್ಮಾ’ ಇದೆ. 2007ರಲ್ಲಿ ರಾಜ್ಯ ವೈನ್ ನೀತಿ ಬಂತು, ವೈನ್ ಮಂಡಳಿಯಾಯಿತು. ಆದರೆ ನಾಸಿಕ್‌ನಲ್ಲಿ ರೈತನ ಮಗ ವೈನರಿಯ ಕೆಲಸಕ್ಕೆ ಸೇರುತ್ತಾನೆ, ರೈತ ತನ್ನ ಹಣ್ಣು ಏನಾಗುತ್ತದೆಂದು ಹೋಗಿ ನೋಡುತ್ತಾನೆ, ಕುಡಿಯುವವನು ತೋಟಕ್ಕೆ ಬರುತ್ತಾನೆ. ಈ ಓಡಾಟ ನಮ್ಮ ಬಸವನಬಾಗೇವಾಡಿ, ತಿಕೋಟಾ, ಗಡಿಯಾಚೆಯ ಕನ್ನಡ ಸೀಮೆ ಜತ್ತದವರೆಗೆ ಬೆಳೆಯಬೇಕು ಎಂಬುದು ನನ್ನ ಆಸೆ. ವಿಂಚೂರ್ ಮಾದರಿಯಲ್ಲಿ, ಅಲ್ಲಿ ಬಿದ್ದ ಪೆಟ್ಟಿನಿಂದ ಪಾಠ ಕಲಿತು, ಹತ್ತು ಮಂದಿ ರೈತರು ಹಂಚಿಕೊಳ್ಳಬಹುದಾದ ಒಂದು ಪ್ರೆಸ್, ನಾಲ್ಕು ತಂಪು ಟ್ಯಾಂಕು ಸಾಕು. ಗೋಳಗುಮ್ಮಟ ನೋಡಲು ಬಂದವರು ದ್ರಾಕ್ಷಿ ತೋಟಕ್ಕೂ ಒಂದು ಗಳಿಗೆ ಬಂದು ಹೋಗಲಿ.

ಇದನ್ನೆಲ್ಲ ವಾಪಸು ಬರುವಾಗ ಉತ್ಸಾಹದಿಂದ ಹೇಳುತ್ತಿದ್ದೆ. ಕಾಕಾ ನಿಫಾಡ್ ದಾಟುವವರೆಗೆ ಕೇಳಿಸಿಕೊಂಡು, ಆಮೇಲೆ ಬಾಯಿಬಿಟ್ಟರು.

“ಎಲ್ಲಾ ಖರೆ. ಸಾರಾಯಿ ಬಂದ್ ಆದಾಗ ನಮ್ಮೂರ ಹೆಣ್ಣಮಕ್ಕಳು ಗುಡಿಗೆ ಹೋಗಿ ಕಾಯಿ ಒಡದಾರ. ಅವರ ಮುಂದ ನಿಂತು, ನಾ ವೈನ್ ಮಾಡ್ತೀನಿ ಅಂತ ಹ್ಯಾಂಗ ಹೇಳ್ಲಿ?”

ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ವೈನ್ ನೀತಿ ಬಂದದ್ದೂ ಅದೇ ವರ್ಷ. ವಿಧಾನಸೌಧದ ಕಡತಗಳಲ್ಲಿ ಈ ಎರಡೂ ಬೇರೆ ಬೇರೆ ಇಲಾಖೆಯ ಕೆಲಸ. ಊರಿನ ಕಟ್ಟೆಯ ಮೇಲೆ ಎರಡೂ ಒಂದೇ. ಕುಡಿತದಿಂದ ಗಂಡನನ್ನು, ಹೊಲವನ್ನು ಕಳೆದುಕೊಂಡವರ ಎದುರು ರೈತನ ಆದಾಯದ ಲೆಕ್ಕ ಮಾತ್ರ ಒಪ್ಪಿಸಿದರೆ ಸಾಲದು ಎಂಬ ಕಾಕಾನ ಮಾತು ನ್ಯಾಯವಾದದ್ದು. ನಾಸಿಕ್‌ನ ಹಳ್ಳಿಗಳು ಈ ಪ್ರಶ್ನೆ ದಾಟಿ ಬಂದದ್ದು ದ್ರಾಕ್ಷಿ ಮಾರಿದ ದುಡ್ಡು ಮನೆಯ ಹೆಂಗಸರ ಕಣ್ಣಿಗೆ ಬಿದ್ದ ಮೇಲೆ, ಕೊಯ್ಲು, ಆಯ್ಕೆಯ ಕೂಲಿ ಅವರ ಕೈಗೂ ಬಂದ ಮೇಲೆ ಎಂದು ನನಗನ್ನಿಸುತ್ತದೆ. ನಮ್ಮಲ್ಲೂ ನೀತಿ ಮಾಡುವವರು ಮೊದಲು ಆ ಹೆಂಗಸರನ್ನು ಕೂರಿಸಿಕೊಂಡು ಮಾತಾಡಬೇಕು.

ಕಾಕಾ ಮತ್ತೆ ಲೆಕ್ಕಕ್ಕೆ ಬಿದ್ದರು. ಬೇರುಸಸಿ ಡಾಗ್‌ರಿಜ್ ನೆಡುವುದು ಫೆಬ್ರುವರಿ–ಮಾರ್ಚ್, ಅದಕ್ಕೆ ಕಸಿ ಕಟ್ಟುವುದು ಆಗಸ್ಟ್–ಸೆಪ್ಟೆಂಬರ್. ಅದಕ್ಕೂ ಮೊದಲು ಕೊಳ್ಳುವವರ ಕರಾರು ಕೈಯಲ್ಲಿ ಇರಬೇಕು. ಹತ್ತು ಗುಂಟೆ ಹಚ್ಚಿ ನೋಡಬಹುದು. ಊರಿಗೆ ಹೋದ ಮೇಲೆ ಕಾಕಿಯನ್ನೂ ಊರಿನ ಮಹಿಳಾ ಸಂಘದ ನಾಲ್ಕು ಮಂದಿ ಹೆಣ್ಣುಮಕ್ಕಳನ್ನೂ ಒಮ್ಮೆ ನಾಸಿಕ್‌ಗೆ ಕರೆತರಬೇಕು, ಅವರು ತೋಟ ನೋಡಲಿ, ಟ್ಯಾಂಕು ನೋಡಲಿ, ಕೇಳಬೇಕಾದ್ದನ್ನು ಕೇಳಲಿ ಎಂದರು. ವಿಂಚೂರ್‌ನಿಂದ ವೈಜಾಪುರದವರೆಗೆ ಆ ಪ್ರಯಾಣಕ್ಕೆ ಯಾವ ರೈಲು, ಎಲ್ಲಿ ಉಳಿಯುವುದು ಎಂಬುದರ ಮಾತೇ ನಡೆಯಿತು.